ದೊರೆಯ ಕೊಟ್ಟಿಗೆಗೆ ಮುಯ್ಯಾಳು

ದುಗ್ಗಪ್ಪ ತನ್ನ ಹಳೇ ಕೊಟ್ಟಿಗೆಯಲ್ಲಿ ದನ ಕಟ್ಟುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಂಥದ್ದನ್ನು ಕೊಂಡು ಅದರಲ್ಲಿ ಸಂಸಾರ ಹೂಡುತ್ತೇನೆಂದು ಒಬ್ಬ ಇಂಗ್ಲಿಷ್ ದೊರೆ ಹೊಸನಗರದ ಕಡೆಯಿಂದ ಜೀಪಿನಲ್ಲಿ ಬಂದಿಳಿದಾಗ, ದುಗ್ಗಪ್ಪ ಮೊದಲು ನೋಡಿದ್ದು ದೊರೆಯ ಮುಖವನ್ನಲ್ಲ, ಜೊತೆಗೆ ಬಂದಿದ್ದ ಅವನ ಹೆಂಡತಿಯ ಮುಖವನ್ನು. ಗಂಡನಿಗೆ ತಲೆ ನೆಟ್ಟಗಿಲ್ಲದಿದ್ದರೆ ಅಲ್ಲಿ ಗೊತ್ತಾಗುತ್ತದೆ. ಆಕೆಯೂ ಗೆದ್ದಲು ಹಿಡಿದ ತೊಲೆಗಳನ್ನು ನೋಡಿ ಮುಗುಳುನಗುತ್ತಿದ್ದಳು. ಇಬ್ಬರಿಗೂ ಒಂದೇ ಕಾಯಿಲೆ ಎಂದುಕೊಂಡು ದುಗ್ಗಪ್ಪ ವ್ಯಾಪಾರ ಮುಗಿಸಿದ.

ಪಾರ್ಕರ್ ದೊರೆ ಕೊಪ್ಪದ ಕಡೆಯ ಕಾಫಿ ತೋಟದಲ್ಲಿ ಮ್ಯಾನೇಜರಾಗಿದ್ದವನು. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷವಾಗುತ್ತ ಬಂದು, ಜೊತೆಯವರೆಲ್ಲ ಹಡಗು ಹತ್ತಿದ್ದರೂ ಇವನಿಗೆ ಹೋಗಲು ಮನಸ್ಸಿರಲಿಲ್ಲ. ದನ ನಿಲ್ಲುತ್ತಿದ್ದಲ್ಲಿ ಮಂಚ, ಹುಲ್ಲು ತುಂಬುತ್ತಿದ್ದ ಅಟ್ಟದಲ್ಲಿ ಪುಸ್ತಕ, ಗಂಜಲ ಹರಿಯುತ್ತಿದ್ದಲ್ಲಿ ಸ್ನಾನದ ತೊಟ್ಟಿ ಎಂದು ಇಬ್ಬರೂ ನೆಲದ ಮೇಲೆ ಗೀಟೆಳೆದು ತೋರಿಸಿದರು. ಕಿಟಕಿಗೆಂದು ಗೋಡೆ ಒಡೆದರು. ಗೋಡೆ ಹೋದ ಮೇಲೆ ಅದರ ಮೇಲಿನ ಮಾಡೂ ಕುಸಿದು ಕೂತಿತು. ಮಳೆಗಾಲ ಬೇರೆ ಹತ್ತಿರ ಬಂದಿತ್ತು.

ಆಗ ದುಗ್ಗಪ್ಪನೇ ಮನೆಮನೆಗೆ ಹೋಗಿ ಮುಯ್ಯಾಳು ಕೇಳಿದ. ಇವತ್ತು ನನ್ನ ಕೆಲಸಕ್ಕೆ ನೀನು, ನಾಳೆ ನಿನ್ನ ಕೆಲಸಕ್ಕೆ ನಾನು. ಊರಿನ ಮಾಡುಗಳೆಲ್ಲ ಏಳುವುದು, ಗದ್ದೆಗಳೆಲ್ಲ ನಟ್ಟಿಯಾಗುವುದು ಹಾಗೆಯೇ.

"ನಿನ್ನ ದೊರೆ ತಿರುಗಿ ಬರ್ತಾನಾ?" ಎಂದು ಕೇಳಿದಳು ಗಂಡನಿಲ್ಲದೆ ಗದ್ದೆ ಮಾಡಿಸುತ್ತಿದ್ದ ಕೆರಿಯಮ್ಮ.

"ಬರ್ದೇ ಏನು, ನಾನಿದ್ದೀನಲ್ಲ," ಎಂದ ದುಗ್ಗಪ್ಪ.

ಮನೆಗೊಂದು ಆಳು ಬಂತು. ಕೆರಿಯಮ್ಮನ ಮಗನೂ ಬಂದ. ತೊಲೆ ಎತ್ತಿದರು, ಹೆಂಚು ಹೊದಿಸಿದರು.

ದೊರೆ ಇದನ್ನು ಪ್ರೀತಿ ಎಂದು ತಿಳಿದ. ತೋಟದಲ್ಲಿ ಕೂಲಿ ಬಟವಾಡೆ ದಿನದ ನೂಕುನುಗ್ಗಲನ್ನೇ ನೋಡಿ ಗೊತ್ತಿದ್ದವನಿಗೆ, ಕೈ ಚಾಚದೆ ಮನೆಗೆ ಹೊರಟ ಜನರನ್ನು ಕಂಡು ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಳ್ಳುತ್ತ ಎಲ್ಲರಿಗೂ ಬಿಸ್ಕತ್ತು ಹಂಚಿದ. ಅಳುತ್ತಿರುವ ಮನುಷ್ಯನಿಗೆ ಇದನ್ನೆಲ್ಲ ತಿರುಗಿ ಮಾಡಿಕೊಡಬೇಕು ಎಂದು ಹೇಗೆ ಹೇಳುವುದು? ಹೆಂಚು ಮುಗಿಯಲಿ, ಹೇಳೋಣ ಎಂದುಕೊಂಡ ದುಗ್ಗಪ್ಪ. ಆಮೇಲೆ ಕಿಟಕಿ ಕೂರಲಿ ಎಂದುಕೊಂಡ. ಅಷ್ಟರಲ್ಲಿ ಮಳೆ ಹಿಡಿದು ನಟ್ಟಿ ಶುರುವಾಯಿತು.

"ನಾಳೆ ನಮ್ಮ ಗದ್ದೆ ನಟ್ಟಿ. ನಿನ್ನ ದೊರೇನ ಕಳ್ಸು," ಎಂದು ಕೆರಿಯಮ್ಮ ಬಂದು ನಿಂತಳು. "ಅವ್ನು ಬರ್ಲಿಲ್ಲ ಅಂದ್ರೆ ನಾಡಿದ್ದು ನಿನ್ನ ಗದ್ದೆಗೆ ನಾವ್ಯಾರೂ ಬರಲ್ಲ."

ದುಗ್ಗಪ್ಪನ ಸಸಿ ಆಗಲೇ ಬಲಿತು ನಿಂತಿತ್ತು. ಆಳು ತಪ್ಪಿದರೆ ವರ್ಷದ ಅನ್ನವೇ ಹೋಗುತ್ತದೆ. ಹೊಸ ಕಿಟಕಿಯ ಕೆಳಗೆ ನಿಂತು ತಲೆ ಕೆರೆದುಕೊಳ್ಳುತ್ತ ದೊರೆಗೆ ಎಲ್ಲವನ್ನೂ ಹೇಳಿದ. ದೊರೆಯ ಮುಖ ಕೆಂಪಾಯಿತು. ಜೇಬಿಗೆ ಕೈ ಹಾಕಿದ.

"ಕಾಸು ಬ್ಯಾಡ ದೊರೆ. ಆಳಿಗೆ ಆಳೇ ಆಗ್ಬೇಕು."

"ಕೂಲಿಯವರನ್ನು ಕಳಿಸುತ್ತೇನೆ."

"ಅವ್ರು ನಿಮ್ಮ ಮನೆಯೋರಲ್ವಲ್ಲ."

ದೊರೆ ಜೇಬಿನಿಂದ ಕೈ ತೆಗೆದ. ಪ್ರೀತಿ ಅಂದುಕೊಂಡಿದ್ದು ಬರೀ ಲೆಕ್ಕಾಚಾರವಾಗಿತ್ತೇ ಎಂಬ ಸಂಕಟ ಅವನ ಮುಖದಲ್ಲೇ ಕಾಣುತ್ತಿತ್ತು. ದುಗ್ಗಪ್ಪನಿಗೆ ಅಯ್ಯೋ ಅನ್ನಿಸಿತು. ಒಳಗೆ ಸುಣ್ಣ ಬಳಿಯುತ್ತಿದ್ದ ದೊರೆಸಾನಿ ಮಾತ್ರ ಕಿಟಕಿಯಿಂದ ತಲೆ ಹೊರಹಾಕಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿದಳು.

ಮರುದಿನ ಇಬ್ಬರೂ ಬಂದರು. ದೊರೆಸಾನಿ ಹೆಂಗಸರ ಸಾಲಿಗೆ ಸೇರಿ, ಮಧ್ಯಾಹ್ನದ ಗಂಜಿಯ ಹೊತ್ತಿಗೆ ಕೈ ಕುದುರಿಸಿಕೊಂಡಳು. ದೊರೆಯದು ಬೇರೆಯೇ ಕಥೆ. ನೀವು ಸಸಿ ಹೊತ್ತು ಹಾಕಿ, ಸಾಕು ಎಂದರೂ ಕೇಳದೆ ಹ್ಯಾಟು ಹಾಕಿಕೊಂಡೇ ಬಗ್ಗಿದ. ಎಲ್ಲರೂ ಹಿಂದಕ್ಕೆ ಸರಿಯುತ್ತ ನೆಟ್ಟರೆ ಇವನು ಮುಂದಕ್ಕೆ ನಡೆಯುತ್ತ ನೆಟ್ಟು, ನೆಟ್ಟದ್ದನ್ನೆಲ್ಲ ತಾನೇ ತುಳಿದ. ತುಳಿತಕ್ಕೆ ಸಿಗದ ಸಸಿ ತೇಲಿತು. ಅವನ ಹಿಂದೆ ಕೆರಿಯಮ್ಮ ಎಲ್ಲವನ್ನೂ ಮತ್ತೆ ನೆಡುತ್ತ ಬಂದಳು. ಸಂಜೆಯವರೆಗೂ ಆಕೆ ಬಾಯಿ ಬಿಡದೆ ಇದ್ದದ್ದು ನೋಡಿ ದುಗ್ಗಪ್ಪನ ಜೀವ ಬಾಯಿಗೆ ಬಂದಿತ್ತು.

ದೊರೆ ಸೊಂಟ ಹಿಡಿದುಕೊಂಡು ಗದ್ದೆಯಂಚಿನಲ್ಲಿ ಕೂತ. "ಕೆರಿಯಮ್ಮ, ಈಗ ನನ್ನ ಮುಯ್ಯಿ ತೀರಿತಾ?"

"ಹೆಂಗ್ ತೀರ್ತದೆ? ನನ್ನ ಮಗಂದು ದೊರೆಸಾನಿ ತೀರ್ಸಿದ್ರು. ಬೆಳಿಗ್ಗಿಂದ ನಿಮ್ಮ ಹಿಂದೆ ನಾನು ನೆಟ್ಟಿದ್ದು? ಅದು ಹೊಸ ಮುಯ್ಯಿ. ಕೊಯ್ಲಿಗೆ ಬನ್ನಿ."

ಹೆಂಗಸರೆಲ್ಲ ನಕ್ಕರು. ದೊರೆ ನಗಲಿಲ್ಲ. ಕೊಯ್ಲಿಗೆ, ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಇಷ್ಟೆಲ್ಲ ಹಾಳು ಮಾಡಿದ ಮೇಲೂ ಕೊಯ್ಲಿಗೆ ಕರೆಯುತ್ತಿದ್ದಾರೆ. ಮತ್ತೆ ಅವನ ಕಣ್ಣು ತುಂಬಿತು.

"ನಾಳೆ ನಿಂದು, ಎಲ್ರೂ ಬರ್ತೀವಿ," ಎಂದಳು ಕೆರಿಯಮ್ಮ ದುಗ್ಗಪ್ಪನಿಗೆ. ಅವನು ಉಸಿರು ಬಿಡುವಷ್ಟರಲ್ಲಿ ದೊರೆ ಎದ್ದು ನಿಂತ.

"ನಾನೂ ಬರುತ್ತೇನೆ, ದುಗ್ಗಪ್ಪ. ನಿನ್ನ ಮುಯ್ಯಿಯೂ ಇದೆಯಲ್ಲ."

ದೊರೆ ಬರದಿದ್ದರೆ ಏನು ಗತಿ ಎಂದು ನಿದ್ದೆಗೆಟ್ಟವನಿಗೆ ಈಗ ದೊರೆ ತುಳಿದ ತನ್ನ ಗದ್ದೆ ಕಣ್ಣ ಮುಂದೆ ಬಂತು. ಆದರೂ ಊರಿನವನೇ ಆಗಿಹೋದವನನ್ನು ಬೇಡ ಎನ್ನುವುದು ಹೇಗೆ?

"ಬನ್ನಿ ದೊರೆ," ಎಂದ. ಆಮೇಲೆ ಕೆರಿಯಮ್ಮನ ಹತ್ತಿರ ಸರಿದು ದನಿ ತಗ್ಗಿಸಿದ. "ಅಕ್ಕಾ, ನೀನು ಮಾತ್ರ ತಪ್ಪಿಸ್ಬ್ಯಾಡ. ಅವ್ರ ಹಿಂದೇನೇ ನಿಲ್ಲು."