ಪಕ್ಕದಲ್ಲಿ ನಿಲ್ಲುವವರು

ಚಾಮರಾಜಪೇಟೆಯ ಆ ನರ್ಸಿಂಗ್ ಹೋಮಿನಲ್ಲಿ ಹುಡುಗಿಯರು ನಿಂತೇ ಊಟ ಮಾಡುತ್ತಿದ್ದರು. ಡಬ್ಬಿ ತೆರೆದರೆ ಒಂದು ಮಂಚದಿಂದ ಕೂಗು, ಮುಚ್ಚಿದರೆ ಇನ್ನೊಂದರಿಂದ. ನಾನು ಅಲ್ಲಿ ಆಯಾ. ಸಂಬಳದ ಸಿಸ್ಟರುಗಳನ್ನು ಒಬ್ಬೊಬ್ಬರಾಗಿ ಬಿಡಿಸಿ, ಡಾಕ್ಟರು ತಮ್ಮದೇ ನರ್ಸಿಂಗ್ ಕಾಲೇಜಿನ ಹುಡುಗಿಯರನ್ನು ವಾರ್ಡಿಗೆ ಹಾಕಿದ್ದರು. ಅವರಿಗೆ ಸಂಬಳವಿಲ್ಲ. ಕಲಿಯುತ್ತೇವೆಂದು ಅವರೇ ಫೀಸು ಕಟ್ಟಿದ್ದರು.

ಕಲಿಸಲು ಉಳಿದಿದ್ದವರು ಸುಂದರಮ್ಮ ಸಿಸ್ಟರ್ ಒಬ್ಬರೇ. ಹುಡುಗಿ ಸೂಜಿ ಹಿಡಿದರೆ ಅವಳ ಮೊಣಕೈಗೆ ತಾಗಿ ನಿಲ್ಲುತ್ತಿದ್ದರು. "ಕೈ ನಡುಗಿದ್ರೆ ನಡುಗ್ಲಿ ಕಣೇ, ನಾನಿದೀನಿ," ಅನ್ನುತ್ತಿದ್ದರು. ಈ ಹುಡುಗಿಯರನ್ನು ಒಂಟಿಯಾಗಿ ಬಿಡಬೇಡಿ ಎಂದು ಡಾಕ್ಟರಿಗೇ ಹೇಳಿದರು. ಮಾರನೆಯ ದಿನವೇ ಸಿಸ್ಟರನ್ನು ಬಿಲ್ಲಿನ ಕೌಂಟರಿನಲ್ಲಿ ಕೂರಿಸಿದರು. ವಾರ್ಡಿಗೆ ಕಾಲಿಡಕೂಡದೆಂದು ಆಜ್ಞೆಯಾಯಿತು.

ಆ ಮಧ್ಯಾಹ್ನ ಬಿನ್ನಿಪೇಟೆಯ ಬಾಣಂತಿ ಅಂಜಿನಮ್ಮನಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಬಟ್ಟೆ ಬದಲಿಸಿದಷ್ಟೂ ನೆನೆಯುತ್ತಿತ್ತು. ಡಾಕ್ಟರು ಫೋನಿನಲ್ಲೇ ರಕ್ತ ಕೊಡಿ ಎಂದರು. ಎರಡು ಬ್ಯಾಗು ಬಂದವು. ಒಂದು ಅಂಜಿನಮ್ಮನಿಗೆ, ಇನ್ನೊಂದು ಪಕ್ಕದ ಕೋಣೆಯ ರೋಗಿಗೆ. ತಪ್ಪಿ ಬೇರೆ ಗುಂಪಿನ ರಕ್ತ ಏರಿದರೆ ಜೀವವೇ ಹೋದೀತು. ಅದಕ್ಕೇ ತಿಳಿದವರಿಬ್ಬರು ಬೇಕು. ಒಬ್ಬರು ಬ್ಯಾಗಿನ ಮೇಲಿನ ಚೀಟಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ರೋಗಿಯ ಕಾಗದದೊಂದಿಗೆ ತಾಳೆ ನೋಡಬೇಕು.

ಆ ಪಾಳಿಯಲ್ಲಿ ವಾರ್ಡಿನಲ್ಲಿದ್ದವಳು ಎರಡನೇ ವರ್ಷದ ಹುಡುಗಿ ರಂಜಿನಿ ಒಬ್ಬಳೇ.

"ಏರಿಸಮ್ಮ," ಎಂದ ಮ್ಯಾನೇಜರ್ ವಸಿಷ್ಠ.

"ಇನ್ನೊಬ್ರು ನೋಡ್ಬೇಕು ಸಾರ್. ಸಿಸ್ಟರ್‌ನ ಕರೀರಿ."

"ನರಸಮ್ಮ ಇದಾರಲ್ಲ," ನನ್ನ ಕಡೆ ಕೈ ತೋರಿಸಿದ. "ರಾತ್ರಿ ಸ್ಕೂಲಲ್ಲಿ ಓದಿರೋರು."

"ಬಸ್ಸಿನ ಬೋರ್ಡ್ ಓದ್ತೀನಿ ಸಾರ್," ಅಂದೆ. "ಇದು ನಂಗೆ ತಿಳಿಯಲ್ಲ."

"ಓಹೋ, ನಿಮಗೂ ಬಾಯಿ ಬಂತು." ರಂಜಿನಿಯ ಕಡೆ ತಿರುಗಿದ. "ಪರೀಕ್ಷೆಗೆ ಕೂರ್ಬೇಕೋ ಬೇಡ್ವೋ? ಸುಮ್ನೆ ಏರಿಸು. ಹೆಚ್ಚುಕಮ್ಮಿ ಆದ್ರೆ ಏರಿಸಿದೋಳು ನೀನೇ, ನೆನಪಿರ್ಲಿ."

ಅಂಜಿನಮ್ಮನ ತುಟಿ ಬಿಳಿಚಿಕೊಂಡಿತ್ತು. ರಂಜಿನಿ ಬ್ಯಾಗು ಮುಟ್ಟಲಿಲ್ಲ. ನಾನು ಕೌಂಟರಿಗೆ ಹೋಗಿ "ಸಿಸ್ಟರ್, ಬನ್ನಿ," ಅಂದೆ.

"ಎದ್ರೆ ನಾಳೆಯಿಂದ ಬರ್ಬೇಡಿ," ವಸಿಷ್ಠ ನನ್ನ ಹಿಂದಿನಿಂದ ಹೇಳಿದ.

"ನಾಳೆದು ನಾಳೆ," ಎಂದು ಸುಂದರಮ್ಮ ಎದ್ದರು.

ರಂಜಿನಿ ಓದಿದಳು. ಸಿಸ್ಟರ್ ತಾಳೆ ನೋಡಿದರು. ರಕ್ತ ಹನಿಹನಿಯಾಗಿ ಇಳಿಯಿತು. ಸಂಜೆಗೆ ರಕ್ತ ಹೋಗುವುದು ನಿಂತಿತ್ತು. ಅಂಜಿನಮ್ಮ ಕಣ್ಣು ಬಿಟ್ಟು ಕೂಸನ್ನು ಕೇಳಿದಳು.

ಬೆಳಿಗ್ಗೆ ಸಿಸ್ಟರ್‌ಗೂ ರಂಜಿನಿಗೂ ವಾಚ್‌ಮನ್ ಗೇಟು ತೆಗೆಯಲಿಲ್ಲ. ಗುಡಿಸಲು ಆಳು ಬೇಕಿತ್ತು, ನನ್ನನ್ನು ಬಿಟ್ಟ. ಸಿಸ್ಟರ್ ತಲೆ ತಗ್ಗಿಸದೆ ಹಿಂತಿರುಗಿದರು. ರಂಜಿನಿ ಅಲ್ಲೇ ನಿಂತಳು. ಅಷ್ಟರಲ್ಲಿ ಕಾಲೇಜಿನ ವ್ಯಾನು ಬಂತು. ಮೊದಲ ವರ್ಷದ ಹುಡುಗಿಯರು ಇಳಿದರು. ಇಸ್ತ್ರಿಯ ಗೆರೆ ಮಾಸದ ಯೂನಿಫಾರಂ.

"ಒಳಗೆ ಹೇಳ್ಕೊಡೋರು ಯಾರೂ ಇಲ್ಲ," ರಂಜಿನಿ ಅವರಿಗೆ ಹೇಳಿದಳು. "ನಮ್ಮನ್ನ ಕಲಿಯಕ್ಕೆ ಕರ್ಸಿಲ್ಲ ಕಣ್ರೇ. ತಪ್ಪು ಹೊತ್ಕೊಳ್ಳಕ್ಕೆ ಕರ್ಸಿದಾರೆ."

"ಬನ್ರಮ್ಮ ಒಳಗೆ," ವಸಿಷ್ಠ ಮೆಟ್ಟಿಲ ಮೇಲಿಂದ ಕೂಗಿದ. ಯಾರೂ ಕದಲಲಿಲ್ಲ.

ಹಿಂದೆ ಡಾಕ್ಟರ ಕಾರು ಬಂದು ಹಾರ್ನ್ ಹೊಡೆಯಿತು. ಹುಡುಗಿಯರು ಒಬ್ಬರಿಗೊಬ್ಬರು ಒತ್ತಿಕೊಂಡು ಗೇಟಿಗೆ ಅಡ್ಡ ನಿಂತರು. ಒಳಗೆ ಅಂಗಳ ಗುಡಿಸುತ್ತಿದ್ದ ನಾನು ಪೊರಕೆ ಕೆಳಗಿಟ್ಟು ಹೊರಗೆ ಹೋಗಿ ರಂಜಿನಿಯ ಪಕ್ಕದಲ್ಲಿ ನಿಂತೆ.

ಕಾರಿನ ಗಾಜು ನಿಧಾನವಾಗಿ ಇಳಿಯತೊಡಗಿತು.