ಹದಿಮೂರರ ಮುಕ್ಕಾಲು

ಕಾರವಾರದ ಕಚೇರಿಯೊಂದರ ಲೆಕ್ಕಶಾಖೆಯಲ್ಲಿ ಮೂವತ್ತೊಂದು ವರ್ಷ ಕುರ್ಚಿ ಸವೆಸಿದ ಜಗದೀಶನಿಗೆ ಏಳೆಂಟ್ಲ ಎಷ್ಟು ಎಂದು ಗೊತ್ತಿರಲಿಲ್ಲ. ಇದು ಅವನ ಹೆಂಡತಿ ವಿನುತಾಳಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಬದುಕುವುದೂ ಒಂದು ವಿದ್ಯೆ, ಆ ವಿದ್ಯೆಯಲ್ಲಿ ಅವನು ಪಾರಂಗತ. ಯಾರಾದರೂ ಲೆಕ್ಕ ಕೇಳಿದರೆ ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಿದ್ದ. ಒರೆಸಿ ಮುಗಿಯುವಷ್ಟರಲ್ಲಿ ಕೇಳಿದವರೇ ಫೋನು ತೆಗೆದು ಉತ್ತರ ಹುಡುಕಿಕೊಂಡಿರುತ್ತಿದ್ದರು. “ಸರಿ ಇದೆ” ಎಂದು ಇವನು ತಲೆಯಾಡಿಸುತ್ತಿದ್ದ. ಸರಿ ಇದೆ ಎನ್ನಲು ಲೆಕ್ಕ ಬರಬೇಕೆಂದೇನಿಲ್ಲ, ಮುಖ ಗಂಭೀರವಾಗಿದ್ದರೆ ಸಾಕು.

ಹಾಗೆ ನೋಡಿದರೆ ಆ ಶಾಖೆಯಲ್ಲಿ ಅವನೊಬ್ಬನೇ ಹಾಗಿದ್ದವನೂ ಅಲ್ಲ. ನಾಲ್ವರು ಸಾಹೇಬರು ಚಹಾ ಕುಡಿದು ಎದ್ದರೆ ಬಿಲ್ಲು ಹಂಚಲು ನಾಲ್ಕು ಫೋನುಗಳು ಹೊರಬರುತ್ತಿದ್ದವು, ನಾಲ್ಕು ಉತ್ತರಗಳೂ ಬರುತ್ತಿದ್ದವು. ಬೀಳ್ಕೊಡುಗೆಯ ದಿನ ಸಹೋದ್ಯೋಗಿ ಶಿವಾನಂದ ಭಾಷಣ ಮಾಡಿ ಜಗದೀಶನನ್ನು “ನಡೆದಾಡುವ ಕ್ಯಾಲ್ಕುಲೇಟರ್” ಎಂದು ಹೊಗಳಿದಾಗ ಇವನ ಕಣ್ಣಲ್ಲಿ ನೀರು ಬಂತು. ವಿನಯ ಎಂದುಕೊಂಡರು ಎಲ್ಲರೂ. ಅದು ಭಯ. ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಇನ್ನು ಸಾಯುವವರೆಗೂ ಕಾಪಾಡಬೇಕಲ್ಲ ಎಂಬ ಭಯ.

ನಿವೃತ್ತನಾದ ಮೇಲೆ ಅವನು ಕಾರವಾರದ ಕೋಡಿಬಾಗದಲ್ಲಿದ್ದ ಮನೆಗೆ ಬೀಗ ಹಾಕಿ ಹುಟ್ಟೂರು ಕೇಣಿಗೆ ಬಂದ. ಬಂದವನು ಒಂದು ದೋಣಿ ಕಟ್ಟಿಸಿದ. ಚುಕ್ಕಾಣಿ ಹಿಡಿಯಲು ಅಕ್ಕನ ಮಗ ರೂಪೇಶ ಇದ್ದ. ಅಕ್ಕ ದುರ್ಗಿ ಅರವತ್ತೈದು ದಾಟಿದರೂ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಮೀನು ಒಯ್ಯುವವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಆದರೆ ಕೇಣಿಯ ದೋಣಿಗಳು ಹೊರಡುವುದು ಅವಳನ್ನು ಕೇಳಿಕೊಂಡೇ. ಅಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮರಳಿನ ದಿಬ್ಬವಿದೆ. ಭರತಿಯ ನೀರು ತುಂಬಿದ ಹೊತ್ತಿಗೆ ಮಾತ್ರ ದೊಡ್ಡ ದೋಣಿ ಅದನ್ನು ದಾಟಬಲ್ಲದು. ಆ ಹೊತ್ತು ತಿಳಿಯುವುದಕ್ಕೆ ಹಿರಿಯರದೊಂದು ಲೆಕ್ಕ ಇತ್ತು: ಅಂದಿನ ತಿಥಿಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ಭರತಿ. ಚೌತಿಯಾದರೆ ಮೂರು ಗಂಟೆ, ಅಷ್ಟಮಿಯಾದರೆ ಆರು. ನಡುವಿನ ತಿಥಿಗಳಿಗೆ ಮುಕ್ಕಾಲು ಮಗ್ಗಿ ಬಾಯಿಗೆ ಬರಬೇಕು. ಬರುತ್ತಿದ್ದವರೆಲ್ಲ ಸತ್ತುಹೋಗಿದ್ದರು, ದುರ್ಗಿ ಉಳಿದಿದ್ದಳು. ಫೋನಿನಲ್ಲೂ ಭರತಿಯ ಸಮಯ ಸಿಗುತ್ತದೆ, ನಿಜ. ಆದರೆ ಅದು ಕಾರವಾರ ಬಂದರಿನದು, ನಮ್ಮ ಅಳಿವೆಯದಲ್ಲ ಎಂದು ಕೇಣಿಯವರ ಹಟ.

ಭಟ್ಟರು ದೋಣಿ ಇಳಿಸಲು ಶುಕ್ಲ ತ್ರಯೋದಶಿಯ ದಿನ ಕೊಟ್ಟರು. ಮಧ್ಯಾಹ್ನದೊಳಗೆ ಯಾವಾಗ ಇಳಿಸಿದರೂ ಒಳ್ಳೆಯದೇ ಎಂದರು. ಜಗದೀಶ ಊರಿಗೆಲ್ಲ ಹೇಳಿಕೆ ಮಾಡಿದ, ಕಾರವಾರದಿಂದ ಕಚೇರಿಯವರನ್ನೂ ಕರೆದ.

“ಮಾಮಾ, ಗಂಟೆ ಎಷ್ಟು ಅಂತ ಆಯಿ ಹತ್ರ ಒಂದ್ಸಲ ಕೇಳುವಾ,” ಎಂದ ರೂಪೇಶ.

“ಎಂತಕ್ಕೆ?” ಜಗದೀಶ ದನಿ ಏರಿಸಿದ. “ಮೂವತ್ತೊಂದು ವರ್ಷ ಲೆಕ್ಕ ಮಾಡ್ದವ ನಾನು. ಮೀನು ಮಾರೂ ಹೆಂಗಸ್ರ ಹತ್ರ ಗಂಟೆ ಕೇಳಿ ದೋಣಿ ಇಳ್ಸಬೇಕಾ? ನಾನೇ ಹೇಳ್ತೆ.”

ದುರ್ಗಿ ಹಿತ್ತಿಲಲ್ಲಿ ಬಂಗಡೆ ಹೆಚ್ಚುತ್ತಿದ್ದಳು. ಕೇಳಿಸಿತೋ ಇಲ್ಲವೋ, ಕತ್ತಿ ಮಾತ್ರ ನಿಲ್ಲಲಿಲ್ಲ.

ಅವಳಿಗೆ ಆ ಮಗ್ಗಿ ಎಲ್ಲಿಂದ ಬಂತೆಂದು ಜಗದೀಶನಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕವನಿದ್ದಾಗ ಅಪ್ಪ ಬೊಮ್ಮು ದಿನಾ ಸಂಜೆ ಇವನನ್ನು ಜಗುಲಿಯಲ್ಲಿ ಕೂರಿಸಿ, ಕೈಯಲ್ಲಿ ಕೋಲು ಹಿಡಿದು ಮುಕ್ಕಾಲು ಮಗ್ಗಿ ಹೇಳಿಸುತ್ತಿದ್ದ. ತೆಂಗಿನ ಗರಿಯ ತಟ್ಟಿಯ ಆಚೆ ಅಕ್ಕ ಅಡುಗೆ ಮಾಡುತ್ತಿದ್ದಳು. ಇವನು ತಡವರಿಸಿದಾಗಲೆಲ್ಲ ತಟ್ಟಿಯ ಸಂದಿನಿಂದ ಪಿಸುಮಾತು ಬರುತ್ತಿತ್ತು. ಇವನು ಕಿವಿ ಅತ್ತ ಚಾಚಿ ಅದನ್ನೇ ಜೋರಾಗಿ ಒದರುತ್ತಿದ್ದ. “ನನ್ನ ಮಗ ಲೆಕ್ಕದಲ್ಲಿ ಹುಲಿ” ಎಂದು ಅಪ್ಪ ಊರೆಲ್ಲ ಸಾರಿ, ಹುಲಿಯನ್ನು ಕಾರವಾರದ ಕಾಲೇಜಿಗೆ ಕಳಿಸಿದ. ಅಕ್ಕನ ತಲೆಗೆ ಬುಟ್ಟಿ ಬಂತು. ಅವಳು ಈ ವಿಷಯ ಯಾರ ಹತ್ತಿರವೂ ಆಡಲಿಲ್ಲ. ಆಡದಿದ್ದುದೇ ಜಗದೀಶನಿಗೆ ಒಳಗೊಳಗೆ ಉರಿ.

ಹಿಂದಿನ ದಿನ ಅವನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಹದಿಮೂರನ್ನು ಮುಕ್ಕಾಲಿನಿಂದ ಗುಣಿಸಿದ. ಪರದೆಯ ಮೇಲೆ 9.75 ಎಂದು ಬಂತು. ಒಂಬತ್ತು ಗಂಟೆ ಎಪ್ಪತ್ತೈದು ನಿಮಿಷ. ಗಂಟೆಗೆ ಅರವತ್ತೇ ನಿಮಿಷ ಎನ್ನುವುದು ಅವನಿಗೆ ಗೊತ್ತಿತ್ತು, ಅಷ್ಟು ದಡ್ಡನಲ್ಲ. ಅರವತ್ತು ಕಳೆದ, ಗಂಟೆಗೆ ಒಂದು ಕೂಡಿಸಿದ. ಹತ್ತೂಕಾಲು! ಎಷ್ಟೋ ವರ್ಷಗಳ ಮೇಲೆ ಯಾರ ಸಹಾಯವೂ ಇಲ್ಲದೆ ತಲೆಯಲ್ಲೇ ಒಂದು ಲೆಕ್ಕ ಮಾಡಿದ್ದ, ಕಳೆದದ್ದೂ ಸರಿಯಾಗಿಯೇ ಇತ್ತು. ಕಳೆಯುವ ಅಗತ್ಯವೇ ಇರಲಿಲ್ಲ ಎನ್ನುವುದೊಂದೇ ತಪ್ಪು. ಗಂಟೆಯ ಮುಕ್ಕಾಲು ಎಂದರೆ ನಲವತ್ತೈದು ನಿಮಿಷ ಎಂದು ಆ ಪರದೆ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಮರುದಿನ ಒಂಬತ್ತಕ್ಕೇ ದಡದಲ್ಲಿ ಜನ ಸೇರಿತು. ದೋಣಿಗೆ ಚೆಂಡುಹೂವಿನ ಮಾಲೆ, ಜಗದೀಶನಿಗೆ ಬಿಳಿ ಪ್ಯಾಂಟು. ದುರ್ಗಿ ಸ್ವಲ್ಪ ದೂರದಲ್ಲಿ ಖಾಲಿ ಬುಟ್ಟಿಗಳ ಪಕ್ಕ ಕುಳಿತು ಎಲೆಅಡಿಕೆ ಹಾಕಿಕೊಂಡಿದ್ದಳು. ಒಂಬತ್ತೂವರೆ ಕಳೆಯಿತು. ನೀರು ದಿಬ್ಬದ ಮೇಲೆ ತುಂಬಿ ನಿಂತಿತು.

“ಮಾಮಾ, ನೀರು ಬಂತಲ, ದೂಡುವಾ?” ರೂಪೇಶ ಕೂಗಿದ.

“ತಡಿಯಾ, ಇನ್ನೂ ಹೊತ್ತು ಬಂದಿಲ್ಲ,” ಎಂದ ಜಗದೀಶ. ಕಚೇರಿಯವರ ಎದುರು ಗಡಿಯಾರ ನೋಡಿಕೊಳ್ಳುವ ಅವನ ಠೀವಿಯನ್ನು ನೋಡಬೇಕಿತ್ತು.

ರೂಪೇಶ ತಾಯಿಯ ಕಡೆ ನೋಡಿದ. ಅವಳು ಮಗನ ಕಡೆ ನೋಡದೆ ಎಲೆಗೆ ಸುಣ್ಣ ಹಚ್ಚಿದಳು.

ಹತ್ತೂಕಾಲಿಗೆ ಸರಿಯಾಗಿ ತೆಂಗಿನಕಾಯಿ ಒಡೆಯಿತು. ಆಮೇಲೆ ಶಿವಾನಂದನ ಭಾಷಣ, ಆಮೇಲೆ ಫೋಟೋ, ಫೋಟೋದಲ್ಲಿ ಕಣ್ಣು ಮುಚ್ಚಿದವರಿಗಾಗಿ ಇನ್ನೊಂದು ಫೋಟೋ. ಎಂಟು ಮಂದಿ ಸಾಹೇಬರನ್ನೂ ಜಗದೀಶನನ್ನೂ ಹತ್ತಿಸಿಕೊಂಡು ದೋಣಿ ಹೊರಟಿತು. ಹುಣ್ಣಿಮೆಯ ಹತ್ತಿರದ ನೀರು ಏರುವುದೂ ಬೇಗ, ಇಳಿಯುವುದೂ ಬೇಗ. ದಿಬ್ಬದ ಮೇಲೆ ಬಂದ ದೋಣಿ ಒಮ್ಮೆ ನರಳಿ ನಿಂತುಬಿಟ್ಟಿತು. ಇಪ್ಪತ್ತು ಜನ ನೂಕಿದರೂ ಅಲುಗಲಿಲ್ಲ. ನೋಡುನೋಡುತ್ತಿದ್ದಂತೆ ಒಂದು ಮಗ್ಗುಲಿಗೆ ವಾಲಿತು. ಸಾಹೇಬರು ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಸೊಂಟದ ನೀರಿನಲ್ಲಿ ಒಬ್ಬೊಬ್ಬರಾಗಿ ದಡಕ್ಕೆ ಬಂದರು. ಬಿಳಿ ಪ್ಯಾಂಟಿನವನು ಕೊನೆಗೆ ಬಂದ.

“ಮುಂದಿನ ಭರತಿ ಎಷ್ಟಕ್ಕೆ ಸರ್?” ಶಿವಾನಂದ ಕೇಳಿದ. ನೀರು ತಾಗದೆ ಉಳಿದ ಫೋನುಗಳೆಲ್ಲ ಹೊರಬಂದವು. ಒಬ್ಬನ ಪರದೆಯಲ್ಲಿ ಇಪ್ಪತ್ತೆರಡು ಗಂಟೆ ಎಂದು ಬಂತು. ಇಪ್ಪತ್ತೆರಡು ಗಂಟೆ ಎಂದರೆ ರಾತ್ರಿ ಎಂಟೋ ಹತ್ತೋ ಎಂದು ಇಬ್ಬರು ಪದವೀಧರರು ವಾದಕ್ಕಿಳಿದರು. ಊರವರು ಜಗದೀಶನ ಮುಖ ನೋಡಿದರು. ಅವನು ಕನ್ನಡಕ ತೆಗೆದು ಒರೆಸತೊಡಗಿದ. ಒರೆಸುತ್ತ ಒರೆಸುತ್ತ, ತನಗೇ ಅರಿವಿಲ್ಲದೆ, ಕಿವಿಯನ್ನು ಖಾಲಿ ಬುಟ್ಟಿಗಳ ಕಡೆಗೆ ಚಾಚಿದ.

ಈ ಸಲ ಪಿಸುಮಾತು ಬರಲಿಲ್ಲ.

“ತಮ್ಮಾ,” ದುರ್ಗಿ ದಡಕ್ಕೆಲ್ಲ ಕೇಳುವಂತೆ ಕರೆದಳು. “ಹದಿಮೂರರ ಅರ್ಧ ಎಷ್ಟಾ?”

ಅಪ್ಪನ ಕೋಲೇ ಬೆನ್ನಿಗೆ ಬಿದ್ದ ಹಾಗಾಯಿತು ಅವನಿಗೆ. ಊರೆಲ್ಲ ನೋಡುತ್ತಿದ್ದಂತೆ ಬೆರಳು ಮಡಚಿದ.

“ಆರೂವರೆ.”

“ಅದ್ರ ಅರ್ಧ?”

ತುಂಬ ಹೊತ್ತು ಬೇಕಾಯಿತು. “ಮೂರೂಕಾಲು.”

“ಎರಡೂ ಕೂಡ್ಸು.”

“ಒಂಬತ್ತೂಮುಕ್ಕಾ...” ಎಂದವನು ಗಡಿಯಾರ ನೋಡಿಕೊಂಡ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ವಿನುತಾ ಗಂಡನ ಮಡಚಿದ ಬೆರಳುಗಳನ್ನೇ ನೋಡುತ್ತಿದ್ದಳು.

“ಹಗಲಿಂದು ಆಗಿ ಹೋಯ್ತು. ರಾತ್ರಿದಕ್ಕೆ ಮೇಲೆ ಅರ್ಧ ತಾಸು ಹಾಕು.”

ಜಗದೀಶ ಮತ್ತೆ ಬೆರಳು ಮಡಚಿದ. ಮುಖ ಒಮ್ಮೆಲೇ ಅರಳಿತು. “ಹತ್ತೂಕಾಲು! ನಾ ಮೊದ್ಲಿಂದ ಹೇಳ್ದದ್ದು ಎಷ್ಟು? ಹತ್ತೂಕಾಲೇ ಅಲ್ದಾ?” ಶಿವಾನಂದ ಚಪ್ಪಾಳೆ ತಟ್ಟಿದ, ಕಚೇರಿಯವರೂ ತಟ್ಟಿದರು. ಅವರಿಗೆ ಉತ್ತರ ಒಂದೇ ಬಂದರೆ ಸಾಕು, ಲೆಕ್ಕ ಸರಿ.

ದುರ್ಗಿ ಸೀರೆಯ ಮರಳು ಕೊಡವಿ ಎದ್ದಳು.

“ಹೌದಾ ತಮ್ಮಾ, ನಿನ್ನ ಲೆಕ್ಕ ಸರೀನೇ. ಬೆಳಿಗ್ಗೆಯೋ ರಾತ್ರಿಯೋ ಅನ್ನೂದೊಂದೇ ತಪ್ಪಿದ್ದು,” ಎಂದು ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು ತಲೆಗೆ ಏರಿಸಿಕೊಂಡಳು.

ವಿನುತಾ ಹತ್ತಿರ ಬಂದಳು. “ಬಂದವ್ರಿಗೆ ಊಟ ಹಾಕ್ಬೇಕಲ್ಲ. ಈಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇದೆ. ರಾತ್ರಿ ಹತ್ತೂಕಾಲು ಅಂದ್ರೆ ಇನ್ನೂ ಎಷ್ಟು ಹೊತ್ತು ಕಾಯ್ಬೇಕು ರೀ?”

ಜಗದೀಶ ಜೇಬಿಗೆ ಕೈ ಹಾಕಿದ. ಫೋನು ಉಪ್ಪುನೀರು ಕುಡಿದು ಸತ್ತಿತ್ತು. ಅವನು ಕನ್ನಡಕ ತೆಗೆದ, ಒರೆಸಿದ, ಕಿವಿಯನ್ನು ಬುಟ್ಟಿಗಳಿದ್ದ ಕಡೆಗೆ ಚಾಚಿದ. ಅಕ್ಕ ಆಗಲೇ ಅಂಕೋಲೆಯ ದಾರಿ ಹಿಡಿದಿದ್ದಳು.