ಐದು ಸೆಕೆಂಡಿನ ಬೆಂಕಿ

ಮನೆ ಕಾಯಿಸುವ ಗ್ಯಾಸ್ ಬಾಯ್ಲರ್ ಟಿಕ್ ಟಿಕ್ ಎಂದಿತು. ಒಳಗೆ ಭುಸ್ಸೆಂದು ನೀಲಿ ಬೆಂಕಿ ಹತ್ತಿತು. ಅಗಾಫಿಯಾ ಉಸಿರು ಬಿಗಿಹಿಡಿದು ಐದರವರೆಗೆ ಎಣಿಸಿದಳು. ಬೆಂಕಿ ಆರಿತು, ಕೆಂಪು ದೀಪ ಮಿಟುಕತೊಡಗಿತು. ಬೆಳಿಗ್ಗೆ ಏಳರಿಂದ ಇದು ಹನ್ನೆರಡನೆಯ ಸಲ. ಹತ್ತದೇ ಇದ್ದಿದ್ದರೆ ಸತ್ತಿತು ಶನಿ ಎಂದು ಕೈತೊಳೆದುಕೊಳ್ಳಬಹುದಿತ್ತು. ಹತ್ತಿ, ಆಸೆ ತೋರಿಸಿ, ಆಮೇಲೆ ಆರುತ್ತದಲ್ಲ, ಅದು ಅವಳ ಹೊಟ್ಟೆ ಉರಿಸಿತ್ತು.

ಬೇರೆ ದಿನವಾಗಿದ್ದರೆ ಎರಡು ಸ್ವೆಟರ್ ಏರಿಸಿಕೊಂಡು ಹೇಗೋ ದಿನ ನೂಕುತ್ತಿದ್ದಳು. ಆದರೆ ಇವತ್ತು ಮಧ್ಯಾಹ್ನ ಮೂರಕ್ಕೆ ಮಗ ಕೊರ್ನೆಲ್ ತನ್ನ ಹೆಂಡತಿ ಲಿಲಿಯಾಳನ್ನೂ ನಾಲ್ಕು ದಿನದ ಹೆಣ್ಣು ಕೂಸನ್ನೂ ಹೆರಿಗೆ ಆಸ್ಪತ್ರೆಯಿಂದ ಕರೆತರುವವನಿದ್ದ. ಮೂರಕ್ಕೆ ಹಾಸಿಗೆ ಖಾಲಿ ಮಾಡಲೇಬೇಕು. ಸೊರೊಕಾ ಊರಿನಲ್ಲಿ ಅಂದು ಮೈನಸ್ ಹದಿನೇಳು. ಮನೆ ಬೆಚ್ಚಗಿಲ್ಲದಿದ್ದರೆ ಕೂಸು ನೇರವಾಗಿ ಬೀಗಿತ್ತಿ ರಯೀಸಾಳ ಫ್ಲಾಟಿಗೆ. ಸಂಜೆ ವಾಪಸು ತಂದರಾಯಿತು ಎನ್ನುವ ಹಾಗೂ ಇಲ್ಲ. ಬಾಣಂತಿ ಮೊದಲು ಯಾವ ಹೊಸ್ತಿಲು ದಾಟುತ್ತಾಳೋ ನಲವತ್ತು ದಿನ ಅಲ್ಲೇ ಇರಬೇಕು. ಚರ್ಚಿಗೆ ಹೋಗಿ ಪಾದ್ರಿಯಿಂದ ಪ್ರಾರ್ಥನೆ ಓದಿಸುವ ತನಕ ಇನ್ನೊಂದು ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಈಗಿನ ಕಾಲದ ಸೊಸೆ ಇದನ್ನೆಲ್ಲ ನಂಬುತ್ತಿರಲಿಲ್ಲ. ಒಂಬತ್ತು ತಿಂಗಳು ಕೂರಿಸಿ, ನಿಲ್ಲಿಸಿ ಅವಳ ತಲೆಗೆ ತುಂಬಿದವಳು ಅಗಾಫಿಯಾಳೇ.

ತುಂಬಿದ ಮೇಲೆ ತಯಾರಿಯಲ್ಲೂ ಏನೂ ಕಮ್ಮಿ ಮಾಡಿರಲಿಲ್ಲ. ಬೆಳಗಿನ ಐದಕ್ಕೇ ಎದ್ದು, ಕೂಸನ್ನು ಸುತ್ತುವ ಬಟ್ಟೆಗಳನ್ನು ಎರಡೂ ಬದಿ ಇಸ್ತ್ರಿ ಮಾಡಿ ಗೋಪುರದಂತೆ ಜೋಡಿಸಿದ್ದಳು. ಒಂದೇ ಬದಿ ಇಸ್ತ್ರಿ ಮಾಡುವವರನ್ನು ಅವಳು ತಾಯಂದಿರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಬಾಣಂತಿಗೆಂದು ಕೋಳಿಯ ಹುಳಿಸಾರು ಒಲೆಯ ಮೇಲಿತ್ತು. ಒಲೆಯಲ್ಲಿ ಗ್ಯಾಸು ಚೆನ್ನಾಗಿಯೇ ಉರಿಯುತ್ತಿತ್ತು ಎಂಬುದು ಇನ್ನೊಂದು ಉರಿ.

ಗಂಡ ಹರಲಾಂಪಿ ಮೂವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವನು. ಅವನು ಮೊದಲು ನೀರಿನ ಒತ್ತಡದ ಮುಳ್ಳು ನೋಡಿದ, ಸರಿಯಿತ್ತು. ಹೊಗೆ ಕೊಳವೆಗೆ ಹಿಮ ಕಟ್ಟಿರಬೇಕೆಂದು ಏಣಿ ಹಾಕಿ ಹತ್ತಿ, ಮೊಳದುದ್ದದ ಮಂಜಿನ ಕೋಲೊಂದನ್ನು ಮುರಿದು ತಂದು ಹೆಂಡತಿಗೆ ತೋರಿಸಿದ. ಬಾಯ್ಲರಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಆಮೇಲೆ ಮುಚ್ಚಳ ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ಅಲ್ಲಿ ಇಲ್ಲಿ ತಿಕ್ಕಿದ. ಆ ಬ್ರಷ್ಷು ಯಾರದೆಂದು ಅಗಾಫಿಯಾ ಕೇಳಿದಾಗ ಅವನಿಗೆ ಕಿವಿ ಕೇಳಿಸಲಿಲ್ಲ. ಕರೆಂಟಿನ ಹೀಟರ್ ಹಾಕಿದರೆ ಹಳೇ ವೈರಿಂಗು ತಡೆಯದೆ ಫ್ಯೂಸ್ ಹಾರಿತು. ಅದನ್ನು ಕಟ್ಟಲು ಮತ್ತೆ ಅರ್ಧ ಗಂಟೆ.

ಬಾಯ್ಲರ್ ಕಂಪನಿಗೆ ಫೋನ್ ಮಾಡಿದರೆ ಇಪ್ಪತ್ತು ನಿಮಿಷ ಪಿಟೀಲು ಕೇಳಿಸಿ, ಕೊನೆಗೊಬ್ಬಳು ಹುಡುಗಿ ಬಂದು, ಕೆಂಪು ಗುಂಡಿ ಒತ್ತಿ ಐದು ನಿಮಿಷ ಕಾಯಿರಿ ಎಂದಳು. ಹತ್ತದಿದ್ದರೆ? ಮತ್ತೆ ಒತ್ತಿರಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯಲು ಈ ಹುಡುಗಿಗೆ ಸಂಬಳ ಬೇರೆ ಕೊಡುತ್ತಾರಲ್ಲ ಎಂದು ಅಗಾಫಿಯಾ ಫೋನಿಟ್ಟಳು.

ಊರಿನಲ್ಲಿ ಬಾಯ್ಲರ್ ಬಲ್ಲವನೆಂದರೆ ಪಿಂಟ್ಯಾ ಮೇಸ್ತ್ರಿ. ಒಂಬತ್ತಕ್ಕೆ ಅವನು ಫೋನಿಗೆ ಸಿಕ್ಕ. ಈ ಚಳಿಗೆ ಅರ್ಧ ಜಿಲ್ಲೆಯ ಬಾಯ್ಲರುಗಳು ಮಲಗಿವೆ, ತಾನು ದೂರದ ಹಳ್ಳಿಯಲ್ಲಿದ್ದೇನೆ, ಎರಡೂವರೆಗೆ ಮೊದಲು ಬರಲಾಗದು ಎಂದ. ಫೋನಿನಲ್ಲೇ ಸರಿಹೋಗುವುದೋ ನೋಡೋಣ ಎಂದು ಕೇಳತೊಡಗಿದ. ಒಲೆ ಉರಿಯುತ್ತದೆಯೇ? ಉರಿಯುತ್ತದೆ. ನೀರಿನ ಒತ್ತಡ? ಸರಿಯಿದೆ.

"ಬಾಯ್ಲರ್ ಪ್ಲಗ್ಗು ಯಾರಾದ್ರೂ ಕಿತ್ತಿದ್ರಾ ಚಿಕ್ಕಮ್ಮ?"

"ನಮ್ಮನೇಲಿ ಅದರ ತಂಟೆಗೆ ಹೋಗೋನು ನನ್ನ ಗಂಡ ಒಬ್ನೇ ಕಣಪ್ಪ. ಆ ಮಹಾರಾಯ ಎದ್ದಿದ್ದೇ ಏಳೂವರೆಗೆ. ಯಾರೂ ಮುಟ್ಟಿಲ್ಲ, ಬರ್ಕೊಡ್ಲಾ?"

ಹಾಗಾದರೆ ಕಣ್ಣಾರೆ ನೋಡಿಯೇ ಹೇಳಬೇಕು ಎಂದು ಅವನು ಫೋನಿಟ್ಟ.

ಅಲ್ಲಿಂದಾಚೆ ಮನೆಯ ಉಷ್ಣಮಾಪಕ ಇಳಿದಂತೆಲ್ಲ ಅಗಾಫಿಯಾಳ ಪಿತ್ತ ಏರಿತು. ಅದು ಹದಿನಾರಕ್ಕೆ ಬಂದಾಗ ಗಂಡನನ್ನು ಬೈದಳು, ಹದಿನಾಲ್ಕಕ್ಕೆ ಅವನ ಟ್ರ್ಯಾಕ್ಟರುಗಳನ್ನು, ಹದಿಮೂರಕ್ಕೆ ಅವನ ವಂಶವನ್ನು. ಈ ಬಾಯ್ಲರ್ ಬೇಡ, ಹಳೇ ಇಟ್ಟಿಗೆ ಒಲೆಯೇ ಇರಲಿ, ಸೌದೆ ಎಂದೂ ಮೋಸ ಮಾಡುವುದಿಲ್ಲ ಎಂದು ತಾನು ಬಡಿದುಕೊಂಡಿದ್ದನ್ನು ನೆನಪಿಸಿದಳು. ಹರಲಾಂಪಿ ಅಂಗಳಕ್ಕೆ ಹೋಗಿ ಮಗನಿಗೆ ಫೋನ್ ಮಾಡಿಬಿಟ್ಟ. ಮಗ ಹೆಂಡತಿಗೆ ಹೇಳಿದ, ಹೆಂಡತಿ ತಾಯಿಗೆ ಹೇಳಿದಳು. ಹತ್ತೇ ನಿಮಿಷಕ್ಕೆ ರಯೀಸಾಳ ಫೋನು ಬಂತು.

"ನೀವೇನೂ ತಲೆ ಕೆಡಿಸ್ಕೋಬೇಡಿ ಬೀಗಿತ್ತಿ. ನಮ್ಮನೇಲಿ ಎಷ್ಟು ಸೆಕೆ ಅಂದ್ರೆ ಕಿಟಕಿ ತೆಗೆದಿಟ್ಟಿದೀನಿ. ತೊಟ್ಟಿಲೂ ಇಟ್ಟಿದೀನಿ, ಎಲ್ಲಾದ್ರೂ ಬೇಕಾದೀತು ಅಂತ."

ಎಲ್ಲಾದರೂ ಬೇಕಾದೀತು ಎಂದು ಯಾರಾದರೂ ತೊಟ್ಟಿಲು ತಂದಿಡುತ್ತಾರೆಯೇ? ಹೊಂಚು ಹಾಕಿಯೇ ಕೂತಿದ್ದಾಳೆ ಮಾರಿ. ಅಗಾಫಿಯಾ ಸಕ್ಕರೆಯಂಥ ದನಿಯಲ್ಲಿ ಉಪಕಾರವಾಯಿತೆಂದು ಹೇಳಿ, ಫೋನಿಟ್ಟು, ಬಾಯ್ಲರಿಗೆ ಚಪ್ಪಲಿಯಿಂದ ಒಂದು ಬಿಟ್ಟಳು. ಟಿಕ್ ಟಿಕ್, ಭುಸ್ಸ್, ಐದು ಸೆಕೆಂಡು, ಕೆಂಪು ದೀಪ.

ಪಿಂಟ್ಯಾ ಬಂದಾಗ ಮೂರಕ್ಕೆ ಇಪ್ಪತ್ತು ನಿಮಿಷವಿತ್ತು, ಮನೆಯೊಳಗೆ ಹನ್ನೊಂದು ಡಿಗ್ರಿ. ಅವನು ಬೆಂಕಿ ಹತ್ತಿ ಆರುವುದನ್ನು ಒಂದು ಸಲ ನೋಡಿದ. ಚೀಲವನ್ನೂ ಬಿಚ್ಚಲಿಲ್ಲ. ಗೋಡೆಯಿಂದ ಬಾಯ್ಲರಿನ ಎರಡು ಕಡ್ಡಿಯ, ಹೇಗೆ ತಿರುಗಿಸಿದರೂ ಒಳಹೋಗುವ ದುಂಡು ಪ್ಲಗ್ಗನ್ನು ಕಿತ್ತು, ಅಂಗೈಯಲ್ಲಿ ಅರ್ಧ ಸುತ್ತು ತಿರುಗಿಸಿ, ಮತ್ತೆ ಅದೇ ತೂತುಗಳಿಗೆ ಚುಚ್ಚಿದ. ಟಿಕ್ ಟಿಕ್, ಭುಸ್ಸ್. ಅಗಾಫಿಯಾ ಐದು ಎಣಿಸಿದಳು, ಹತ್ತು ಎಣಿಸಿದಳು, ಮೂವತ್ತು ಎಣಿಸಿದಳು. ಬೆಂಕಿ ಉರಿಯುತ್ತಲೇ ಇತ್ತು.

"ಪ್ಲಗ್ ಉಲ್ಟಾ ಚುಚ್ಚಿದ್ರೆ ಕರೆಂಟು ಅದಲುಬದಲಾಗಿ, ಬೆಂಕಿ ಹತ್ತಿರೋದು ಬಾಯ್ಲರಿಗೆ ಕಾಣಲ್ಲ. ಗ್ಯಾಸ್ ಸುಮ್ನೆ ಸೋರ್ತಿದೆ ಅಂತ ಹೆದರಿ ತಾನೇ ಬಂದ್ ಮಾಡುತ್ತೆ. ಒಂಬತ್ತು ಗಂಟೆಗೆ ಇದನ್ನೇ ಕೇಳಿದ್ದು ನಾನು," ಎಂದ ಪಿಂಟ್ಯಾ. "ಯಾರು ಕಿತ್ತಿದ್ದು?"

"ನಾನೇ," ಎಂದ ಹರಲಾಂಪಿ. "ಅಲ್ಲಿ ಡ್ರಿಲ್ ಚುಚ್ಚಿದ್ದೆ."

ಅಗಾಫಿಯಾಳ ಬಾಯಿಗೆ ಬೈಗುಳ ಬಂದೇಬಿಟ್ಟಿತ್ತು, ಅಲ್ಲೇ ನಿಂತಿತು. ಗಂಡನ ಡ್ರಿಲ್ಲು ಶರತ್ಕಾಲದಿಂದ ಅವನ ತಮ್ಮನ ಮನೆಯಲ್ಲಿದೆ. ಇಸ್ತ್ರಿ ಪೆಟ್ಟಿಗೆ ಹಾಕಿದರೆ ಕಿಡಿ ಹಾರದ ಪ್ಲಗ್ ತೂತು ಈ ಮನೆಯಲ್ಲಿ ಇದೊಂದೇ. ಐದು ಗಂಟೆಗೆ ಬಾಯ್ಲರಿನ ಪ್ಲಗ್ ಕಿತ್ತು ಇಸ್ತ್ರಿ ಪೆಟ್ಟಿಗೆ ಚುಚ್ಚಿದ್ದೂ, ಏಳಕ್ಕೆ ಅದನ್ನು ತೆಗೆದು ಇದನ್ನು ಚುಚ್ಚಿದ್ದೂ ಅವಳದೇ ಕೈ. ಅವಳು ಸುಳ್ಳು ಹೇಳಿರಲಿಲ್ಲ. ಕೂಸಿನ ಬಟ್ಟೆಗೆ ಇಸ್ತ್ರಿ ಹಾಕುವುದು ಬಾಯ್ಲರ್ ಮುಟ್ಟಿದಂತೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಇಷ್ಟೆಲ್ಲ ಬೈಸಿಕೊಂಡವನು ಈಗ ತಪ್ಪನ್ನೂ ತಾನೇ ಹೊರುತ್ತಿದ್ದಾನಲ್ಲ ಎಂಬುದು ಇನ್ನೂ ಚುಚ್ಚಿತು.

ಅಷ್ಟರಲ್ಲಿ ಕೊರ್ನೆಲ್ ಫೋನ್ ಮಾಡಿದ. ಬಾಯ್ಲರ್ ಹತ್ತಿತೆಂದು ಅಪ್ಪ ಆಗಲೇ ಅವನಿಗೆ ಸುದ್ದಿ ಕಳಿಸಿದ್ದ.

"ಅಮ್ಮ, ಕಾರಲ್ಲಿ ಕೂತಿದೀವಿ. ಮನೆ ಬೆಚ್ಚಗಿದೆಯಾ? ಬಂದ್ಬಿಡ್ಲಾ?"

ಅಗಾಫಿಯಾ ಬಾಯ್ಲರಿನ ಬಿಸಿನೀರು ಹರಿಯುವ ಗೋಡೆಯ ರೇಡಿಯೇಟರಿನ ಮೇಲೆ ಕೈಯಿಟ್ಟಳು. ಉಗುರುಬೆಚ್ಚಗೆ. ಹೂಂ ಎಂದರೆ ಸಾಕು, ಹತ್ತೇ ನಿಮಿಷದಲ್ಲಿ ಕೂಸು ಅವಳ ತೋಳಿನಲ್ಲಿ. ಬಂದ ಮೇಲೆ ಯಾರು ಹೊರಗೆ ಕಳಿಸುತ್ತಾರೆ? ನಾಲ್ಕು ಹೊದಿಕೆ ಹೊದಿಸಿದರಾಯಿತು. ಅವಳು ಬಾಯಿ ತೆರೆದಳು. ಬಾಯಿಂದ ಮೊದಲು ಬಿಳೀ ಉಸಿರು ಹೊರಬಂತು.

"ಇಲ್ಲ ಕಣೋ. ಹನ್ನೊಂದು ಡಿಗ್ರಿ ಇದೆ. ರಯೀಸಾ ಮನೆಗೆ ಕರ್ಕೊಂಡು ಹೋಗು."

"ನಲವತ್ತು ದಿನ ಅಮ್ಮ."

"ಗೊತ್ತು, ನಾನೇ ಹೇಳ್ಕೊಟ್ಟಿದ್ದು. ದಾರೀಲಿ ಕಾರು ನಿಲ್ಲಿಸ್ಬೇಡ." ಅವಳು ಗಂಡನ ಕಡೆ ನೋಡಿದಳು. "ಅಪ್ಪನ್ನ ಏನೂ ಅನ್ಬೇಡ. ಪ್ಲಗ್ ಉಲ್ಟಾ ಹಾಕಿದ್ದು ನಾನು."

ಫೋನಿಟ್ಟು ಅವಳು ಅತ್ತಳು, ಹೊರಗಿನವರು ಎದುರಿಗಿದ್ದಾರೆಂದೂ ನೋಡದೆ. ಪಿಂಟ್ಯಾ ಬಿಚ್ಚದ ಚೀಲವನ್ನು ಮತ್ತೊಮ್ಮೆ ಕಟ್ಟಿಕೊಂಡು ಹೊರಟ. ಹರಲಾಂಪಿ ಎರಡು ತಟ್ಟೆಗೆ ಕೋಳಿಸಾರು ಬಡಿಸಿದ.

ಏಳು ಗಂಟೆಗೆ ಮನೆ ಇಪ್ಪತ್ತು ಡಿಗ್ರಿ ಮುಟ್ಟಿ ಇನ್ನೂ ಏರುತ್ತಿತ್ತು. ನಮ್ಮಿಬ್ಬರಿಗೆ ಇಷ್ಟೊಂದು ಬಿಸಿ ಯಾತಕ್ಕೆ ಎಂದು ಅಗಾಫಿಯಾ ತಾನೇ ಎದ್ದು ಹೋಗಿ ಬಾಯ್ಲರನ್ನು ಹದಿನೇಳಕ್ಕೆ ಇಳಿಸಿದಳು.